ಖಲ್ಫಾನ್‌ನ ಬ್ರೆಜಿಲ್ ಪ್ರವಾಸ

ಖಲ್ಫಾನ್ ತನ್ನ ಜೀವಮಾನದಲ್ಲಿ ಮರಳನ್ನು ನಿಜವಾಗಿ ಮೂಸಿ ನೋಡಿದ್ದು ಒಂದೇ ಸಲ. ಅದೂ ಮರುಭೂಮಿಯಲ್ಲಲ್ಲ, ದುಬೈನ ಮಿರ್ದಿಫ್ ಬಡಾವಣೆಯಲ್ಲಿ, ತನ್ನ ಮನೆಯ ಗೇಟಿನ ಒಳಗೆ. ಖರ್ಜೂರದ ಸಸಿ ನೆಡಲೆಂದು ತರಿಸಿದ್ದ ಮರಳಿನ ಗುಡ್ಡೆಯಲ್ಲಿ ಪಕ್ಕದ ಮನೆಯ ಬೆಕ್ಕು ತನ್ನ ಕೆಲಸ ಮುಗಿಸಿ ಹೋಗಿದೆಯೋ ಏನೋ ಎಂಬ ಅನುಮಾನ ಬಂದು, ಒಂದು ಚಿಟಿಕೆ ಎತ್ತಿ ಮೂಗಿನ ಹತ್ತಿರ ಹಿಡಿದಿದ್ದ. ಹೆಣ್ಣು ಕೇಳಲು ಬಂದ ಬೀಗರ ಗಾಡಿ ಅದೇ ಹೊತ್ತಿಗೆ ಗೇಟಿನೊಳಗೆ ಬರಬೇಕೆ!

ಇಳಿದವನು ಉಬೈದ್. ಅವನ ಮಗ ಥಾನಿಯನ್ನು ಖಲ್ಫಾನ್‌ನ ಒಬ್ಬಳೇ ಮಗಳು ಮೈತಾ ಒಪ್ಪಿದ್ದಳು, ಥಾನಿ ಅವಳಿಗಿಂತ ಮೊದಲೇ ಒಪ್ಪಿದ್ದ. ಎರಡೂ ಮನೆಯ ಹೆಂಗಸರು ಎಲ್ಲ ಮಾತಾಡಿ ಮುಗಿಸಿದ್ದರು. ಗಂಡಸರು ಎದುರುಬದುರು ಕೂತು, ಎಲ್ಲವನ್ನೂ ತಾವೇ ತೀರ್ಮಾನಿಸಿದವರಂತೆ ಮುಖ ಮಾಡಿಕೊಂಡು ಒಪ್ಪುವುದೊಂದೇ ಬಾಕಿ. ಅಷ್ಟು ಸಣ್ಣ ಕೆಲಸವನ್ನೂ ಕೆಡಿಸಬಹುದು ಎಂದು ಯಾರಿಗೆ ಗೊತ್ತಿತ್ತು?

"ಏನು ನೋಡ್ತಿದ್ದೀರಿ?" ಎಂದ ಉಬೈದ್.

ಬೀಗರ ಮುಂದೆ ಬೆಕ್ಕಿನ ವಿಷಯ ಎತ್ತುವುದು ಮರ್ಯಾದೆಯೇ? ಖಲ್ಫಾನ್ ಚಿಟಿಕೆಯ ಮರಳನ್ನು ನಿಧಾನವಾಗಿ ಕೆಳಗೆ ಬಿಟ್ಟ. "ಮರಳು ನೋಡ್ತಿದ್ದೆ. ವಾಸನೆ ಹಿಡಿದರೆ ಸಾಕು, ಯಾವ ದಿಬ್ಬದ ಮೇಲೆ ಗಾಡಿ ಹೋಗತ್ತೆ, ಯಾವುದರಲ್ಲಿ ಹೂತುಕೊಳ್ಳತ್ತೆ ಅಂತ ಹೇಳಿಬಿಡಬಹುದು. ನಮ್ಮ ತಾತನಿಂದ ಬಂದದ್ದು."

ತಾತ ದೇರಾದ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದವನು. ಮರಳು ಅಂಗಡಿಯೊಳಗೆ ಬಂದರೆ ಪೊರಕೆ ಹಿಡಿದು ಹೊರಗೆ ಹಾಕುತ್ತಿದ್ದ. ಅವನಿಗೂ ಮರಳಿಗೂ ಇದ್ದ ನಂಟು ಅಷ್ಟೇ.

ಉಬೈದ್ ಸೋಲುವ ಆಸಾಮಿಯಲ್ಲ. ಅವನ ಮನೆಯವರು ತಲೆಮಾರುಗಳಿಂದ ಮೀನು ಹಿಡಿಯುವವರು, ಸಮುದ್ರಕ್ಕೆ ಬೆನ್ನು ಹಾಕಿದವರೇ ಅಲ್ಲ. ಆದರೂ ಅವನು ಎದೆ ಮುಂದೆ ಮಾಡಿ, "ನಮ್ಮಲ್ಲಿ ವಾಸನೆ ಗೀಸನೆ ಎಲ್ಲ ಇಲ್ಲ. ನಮ್ಮದೇನಿದ್ದರೂ ಕಣ್ಣಲ್ಲೇ. ಗಾಡಿ ಹತ್ತಿದೆ ಅಂದ್ರೆ ಕಣ್ಣು ಮುಚ್ಕೊಂಡು ದಿಬ್ಬ ಹಾರಿಸಿಬಿಡ್ತೀನಿ" ಎಂದ. ಕಣ್ಣಲ್ಲೇ ನೋಡುವವನು ಕಣ್ಣು ಮುಚ್ಚುವುದೇಕೆ ಎಂದು ಯಾರೂ ಕೇಳಲಿಲ್ಲ.

ಬಂದವರನ್ನು ಕೂರಿಸುವ ಹಜಾರವಾದ ಮಜ್ಲಿಸ್‌ನಲ್ಲಿ ಕೂತ ಮೇಲೆ ಮಾತು ಮದುವೆಯ ಕಡೆ ತಿರುಗಲೇ ಇಲ್ಲ. ಇವನೊಂದು ದಿಬ್ಬ ಹತ್ತಿದರೆ ಅವನೆರಡು ಇಳಿದ. ಇವನು ಬಿರುಗಾಳಿಯಲ್ಲಿ ಓಡಿಸಿದರೆ ಅವನು ಬಿರುಗಾಳಿಗೆ ಎದುರಾಗಿ ಓಡಿಸಿದ. ಕೊನೆಗೆ ಉಬೈದ್ ತೊಡೆ ತಟ್ಟಿ, "ಹಾಗಾದ್ರೆ ಸೋಫಾ ಮೇಲೆ ಕೂತು ಮಾತಾಡೋದು ಏನು ಚಂದ? ಶುಕ್ರವಾರ ಲಹ್ಬಾಬ್‌ನ ಕೆಂಪು ದಿಬ್ಬಗಳ ಆಚೆ ನಮ್ಮವರ ಚಳಿಗಾಲದ ಡೇರೆ ಇದೆ. ಅಲ್ಲೇ ಮಾತುಕತೆ. ರಸ್ತೆ ಹಿಡಿದು ಬರೋದು ಪ್ರವಾಸಿಗಳು. ನಾವು ನಮ್ಮ ನಮ್ಮ ಗಾಡಿಯಲ್ಲಿ ದಿಬ್ಬ ದಾಟಿ ಹೋಗೋಣ" ಎಂದ.

"ಅದೇ ನಾನೂ ಹೇಳೋಣ ಅಂತಿದ್ದೆ" ಎಂದ ಖಲ್ಫಾನ್. ಅವನ ಬಾಯಿ ಅವನ ಮಾತು ಕೇಳುವುದನ್ನು ಬಿಟ್ಟು ಬಹಳ ಹೊತ್ತಾಗಿತ್ತು.

ಬೀಗರ ಗಾಡಿ ಗೇಟು ದಾಟಿದ್ದೇ ತಡ, ಮೈತಾ ಬಂದು ಎದುರಿಗೆ ನಿಂತಳು. "ಅಪ್ಪಾ, ನಮ್ಮ ಗಾಡಿಯ ಸೀಟಿಗೆ ಅಂಗಡಿಯವರು ಹಾಕಿದ ಪ್ಲಾಸ್ಟಿಕ್ಕನ್ನೇ ನೀವು ಇನ್ನೂ ತೆಗೆದಿಲ್ಲ. ಮರಳಿನ ಮೇಲೆ ಹೇಗೆ ಓಡಿಸ್ತೀರಿ?"

"ಓಡಿಸ್ತೀನಮ್ಮ. ರಕ್ತದಲ್ಲೇ ಇದೆ."

"ರಕ್ತದಲ್ಲಿ ಸಕ್ಕರೆ ಇದೆ ಅಂತ ಡಾಕ್ಟರ್ ಹೇಳಿದ್ದು ಗೊತ್ತು. ಇದು ಗೊತ್ತಿರಲಿಲ್ಲ." ನಗುವ ಹುಡುಗಿ ಅಂದು ನಗಲಿಲ್ಲ. ಕಣ್ಣಲ್ಲಿ ನೀರು ತುಂಬಿತ್ತು. "ಎರಡೂ ಮನೆಯವರ ಮುಂದೆ ನೀವು ಹೂತುಕೊಂಡರೆ ನಮ್ಮ ಮಾತಿಗೆ ಏನು ಬೆಲೆ ಉಳಿಯತ್ತೆ? ಈ ಸಂಬಂಧ ತಪ್ಪಿತು ಅಂದ್ರೆ ನಾನು ನಿಮ್ಮ ಹತ್ತಿರ ಮಾತೇ ಆಡಲ್ಲ, ನೋಡ್ತಿರಿ."

ಖಲ್ಫಾನ್‌ಗೆ ನಿಜವಾಗಿ ಹೆದರಿಕೆಯಾದದ್ದು ಆಗ. ನಗರಪಾಲಿಕೆಯ ಪಾರ್ಕಿಂಗ್ ವಿಭಾಗದಲ್ಲಿ ಅವನಿಗೆ ಕೆಲಸ. ಗಾಡಿಗಳು ನಿಲ್ಲುವುದರ ಬಗ್ಗೆ ಅವನಿಗೆ ಗೊತ್ತಿಲ್ಲದ ಸಂಗತಿಯಿಲ್ಲ, ಓಡುವುದರ ಬಗ್ಗೆ ಮಾತ್ರ ಸ್ವಲ್ಪ ಹಿಂದೆ. ಅಣ್ಣತಮ್ಮಂದಿರನ್ನು ಕೇಳೋಣವೆಂದರೆ ಅವರಿಗೂ ಇದೇ ತಾತನ ಕತೆಗಳನ್ನು ಹೇಳಿ ನಂಬಿಸಿದ್ದವನು ಇವನೇ. ಗುರುವಾರದವರೆಗೂ ಉಪಾಯ ಹೊಳೆಯಲಿಲ್ಲ. ಗುರುವಾರ ಬೆಳಿಗ್ಗೆ ಆಫೀಸಿನ ಎದುರಿನ ಗೋಡೆಯ ಮೇಲೆ ಹೊಳೆಯಿತು. ಅಲ್ಲಿ ಒಂದು ಜಾಹೀರಾತು: ಅರ್ಧ ದಿನದ ಮರುಭೂಮಿ ಸಫಾರಿ. ದಿಬ್ಬಗಳ ಮೇಲೆ ಜೀಪು, ಮರಳಿನ ಜಾರುಹಲಗೆ, ಒಂಟೆ ಸವಾರಿ, ಊಟ. ವಿದೇಶಿ ಪ್ರವಾಸಿಗಳಿಗೆ ಸುಸ್ವಾಗತ.

ಡ್ರೈವರನ ಪಕ್ಕದಲ್ಲಿ ಕೂತು, ಕೈ ಎಲ್ಲಿ, ಕಾಲು ಎಲ್ಲಿ ಎಂದು ನೋಡಿಕೊಂಡರೆ ಮುಗಿಯಿತು. ಆದರೆ ಈ ನೆಲದಲ್ಲೇ ಹುಟ್ಟಿದವನು ದುಡ್ಡು ಕೊಟ್ಟು ಮರಳು ನೋಡಲು ಹೋದ ಎಂದು ಒಂದು ನರಪಿಳ್ಳೆಗೆ ಗೊತ್ತಾದರೂ ಅವನು ಊರು ಬಿಡಬೇಕಾಗುತ್ತದೆ. ಆದ್ದರಿಂದ ಮನೆಗೆ ಬಂದು ಒಂದು ಚೀಲದಲ್ಲಿ ಪ್ಯಾಂಟು, ಹೂವಿನ ಚಿತ್ರದ ಅಂಗಿ, ಕಪ್ಪು ಕನ್ನಡಕ ಮತ್ತು ಕೊಡೆಯಷ್ಟು ಅಗಲದ ಟೋಪಿ ತುಂಬಿಕೊಂಡ.

"ಎಲ್ಲಿಗೆ, ಮೈತಾನ ಅಪ್ಪ?" ಎಂದಳು ಹೆಂಡತಿ ಅಫ್ರಾ.

"ಆಫೀಸಿನಲ್ಲಿ ತರಬೇತಿ."

"ಪಾರ್ಕಿಂಗ್‌ಗೆ ಏನು ತರಬೇತಿ?"

"ಹೊಸ ಥರದ ಪಾರ್ಕಿಂಗ್ ಬಂದಿದೆ."

ಅಫ್ರಾ ಮತ್ತೆ ಕೇಳಲಿಲ್ಲ. ಅವಳು ಹೆಚ್ಚು ಕೇಳುವ ಹೆಂಗಸಲ್ಲ, ಕೇಳದೆ ನೋಡುವ ಹೆಂಗಸು. ಸಂಸಾರದಲ್ಲಿ ಪಳಗಿದವರಿಗೆ ಇವೆರಡರಲ್ಲಿ ಯಾವುದು ಹೆಚ್ಚು ಅಪಾಯ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಮಾಲ್‌ನ ಶೌಚಾಲಯಕ್ಕೆ ಪಾದ ಮುಟ್ಟುವ ಬಿಳಿ ಕಂದೂರಾ ತೊಟ್ಟ ಗೌರವಸ್ಥನೊಬ್ಬ ಹೋದ, ಹೂವಿನ ಅಂಗಿಯ ಪರದೇಶಿಯೊಬ್ಬ ಹೊರಬಂದ. ಸಫಾರಿಯ ಜೀಪು ಕಾಯುತ್ತಿತ್ತು. ಡ್ರೈವರ್ ಗುಲ್‌ಜಮಾನ್ ಪೇಶಾವರದವನು, ಬಾಯಿಗೆ ಬೀಗವಿಲ್ಲ. ಮುಂದಿನ ಸೀಟಿನಲ್ಲಿ ಆಗಲೇ ಹೆಲ್ಗಾ ಎಂಬ ಜರ್ಮನಿಯ ನಿವೃತ್ತ ಮೇಡಂ ಕೂತುಬಿಟ್ಟಿದ್ದಳು. ಮಧ್ಯದಲ್ಲಿ ಅವಳ ಗಂಡ ನಿದ್ದೆ ಮಾಡುತ್ತಿದ್ದ. ಖಲ್ಫಾನ್‌ಗೆ ಸಿಕ್ಕಿದ್ದು ಹಿಂದಿನ ಸೀಟು. ಅಲ್ಲಿ ತನ್ನಂತೆಯೇ ಹೂವಿನ ಅಂಗಿ ತೊಟ್ಟು, ಕಿವಿ, ಗಲ್ಲ, ಮೂಗು ಎಲ್ಲಕ್ಕೂ ಮಫ್ಲರ್ ಸುತ್ತಿ, ಕನ್ನಡಕ ಹಾಕಿದ ಒಬ್ಬ ದಪ್ಪನೆಯ ಮನುಷ್ಯ ಗೋಡೆಯಂತೆ ಕೂತಿದ್ದ.

ಗುಲ್‌ಜಮಾನ್ ಸಫಾರಿಯ ಹೆಸರು ಅಚ್ಚಾದ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಪಟ್ಟಿಯೊಂದನ್ನು ಖಲ್ಫಾನ್‌ನ ಮಣಿಕಟ್ಟಿಗೆ ಬಿಗಿದ. "ಕತ್ತರಿ ಇಲ್ಲದೆ ಬಿಚ್ಚಲ್ಲ ಸಾರ್, ಗಟ್ಟಿ ಮಾಲು. ಶಿಬಿರದಲ್ಲಿ ನೂರಾರು ಜನ, ನಮ್ಮವರು ಯಾರು ಅಂತ ಇದರಲ್ಲೇ ಹುಡುಕೋದು. ಇದರ ಮೇಲೆ ಯಾವ ದೇಶ ಅಂತ ಬರೀಬೇಕು. ಹೇಳಿ."

ಖಲ್ಫಾನ್ ಇದನ್ನು ಯೋಚಿಸಿರಲಿಲ್ಲ. ಹತ್ತಿರದ ದೇಶ ಹೇಳಿದರೆ ಯಾರಾದರೂ ಆ ಭಾಷೆ ಆಡಿಯಾರು. ಆದಷ್ಟು ದೂರದ ದೇಶ ಬೇಕು. "ಬ್ರೆಜಿಲ್" ಎಂದ.

ಗುಲ್‌ಜಮಾನ್ ಖುಷಿಯಿಂದ ಕೂಗಿಬಿಟ್ಟ. "ಅರೆ! ಪಕ್ಕದ ಸಾರ್ ಕೂಡ ಬ್ರೆಜಿಲ್! ಎಂಥ ನಸೀಬು ನೋಡಿ! ಮಾತಾಡಿ ಸಾರ್, ಮಾತಾಡಿ, ನಾಚಿಕೆ ಯಾಕೆ?"

ಖಲ್ಫಾನ್ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡ. ಮಫ್ಲರ್ ಮನುಷ್ಯ ಕೂಡ ಏಕೋ ಕಿಟಕಿಯ ಕಡೆ ಸರಿದ. ಎಲ್ಲರೂ ಹಿಂದೆ ತಿರುಗಿ ಕಾಯುತ್ತಿದ್ದರು. ಹೆಲ್ಗಾಳ ಗಂಡ ಕೂಡ ಎದ್ದಿದ್ದ. ಇನ್ನು ಗತಿಯಿಲ್ಲವೆಂದು ಖಲ್ಫಾನ್ ಅಲ್ಲಾನ ಮೇಲೆ ಭಾರ ಹಾಕಿ, "ಕೊರಿಂಬಾ... ಸಾಲಾ ಬೊಂಬಾ?" ಎಂದ.

ಮಫ್ಲರ್ ಮನುಷ್ಯ ಎಷ್ಟೋ ಹೊತ್ತು ಯೋಚಿಸಿ, "ಬೊಂಬಾ" ಎಂದು ತಲೆಯಾಡಿಸಿದ. ಮತ್ತೆ ಏನೋ ನೆನಪಾದವನಂತೆ, "ತಿಕ್ಕೋ ತಾಂಬಾ" ಎಂದು ನಿಟ್ಟುಸಿರು ಬಿಟ್ಟ.

"ಏನಂತೆ?" ಎಂದ ಗುಲ್‌ಜಮಾನ್.

"ಅವರ ಊರಲ್ಲಿ ಮಳೆಯಂತೆ" ಎಂದ ಖಲ್ಫಾನ್. ಬ್ರೆಜಿಲಿನ ಭಾಷೆ ಇಷ್ಟು ಸುಲಭ ಎಂದು ಅವನಿಗೇ ಗೊತ್ತಿರಲಿಲ್ಲ.

ಹೆಲ್ಗಾಳ ಕಣ್ಣು ಅರಳಿತು. "ನನಗೂ ಸ್ವಲ್ಪ ಪೋರ್ಚುಗೀಸ್ ಬರತ್ತೆ. ಇದು ಒಂದು ಚೂರೂ ಅರ್ಥ ಆಗಲಿಲ್ಲ. ಯಾವ ಕಡೆಯ ಮಾತು ಇದು?"

"ಹಳ್ಳಿ ಕಡೆ" ಎಂದರು ಇಬ್ಬರೂ ಒಟ್ಟಿಗೆ.

ದಾರಿಯುದ್ದಕ್ಕೂ ಗುಲ್‌ಜಮಾನ್ ಈ ನಾಡಿನ ಜನರ ಬಗ್ಗೆ ಹೇಳುತ್ತ ಹೋದ. ಇಲ್ಲಿಯವರು ಹುಟ್ಟಿದ ಮಗುವಿಗೆ ಮೊದಲು ಒಂಟೆಯ ಮುಖ ತೋರಿಸುತ್ತಾರಂತೆ, ಆಮೇಲೆ ತಾಯಿಯದು. ಖಲ್ಫಾನ್‌ಗೆ ಹೊಟ್ಟೆ ಉರಿಯಿತು. ಮಫ್ಲರ್ ಮನುಷ್ಯನೂ ಒಳಗೊಳಗೇ ಬುಸುಗುಟ್ಟುತ್ತಿದ್ದ. ಅವನಿಗೇಕೆ ಸಿಟ್ಟು ಎಂದು ಖಲ್ಫಾನ್‌ಗೆ ಕುತೂಹಲವಾಯಿತು. ಬ್ರೆಜಿಲಿನವರು ಒಳ್ಳೆಯ ಜನ ಇರಬೇಕು ಅಂದುಕೊಂಡ.

ಟಾರು ಮುಗಿದು ಮರಳು ಶುರುವಾಗುವಲ್ಲಿ ಗುಲ್‌ಜಮಾನ್ ಇಳಿದು ಚಕ್ರದ ಹತ್ತಿರ ಕುಕ್ಕರಿಸಿದ. ಬುಸ್ಸೆಂದು ಗಾಳಿ ಹೋಗತೊಡಗಿತು.

"ಏಯ್, ಪಂಕ್ಚರ್! ಪಂಕ್ಚರ್!" ಎಂದು ಖಲ್ಫಾನ್ ಕೂಗಿದ. ಮಫ್ಲರ್ ಮನುಷ್ಯ ಬಾಗಿಲು ತೆಗೆದು ಆಗಲೇ ಒಂದು ಕಾಲು ಹೊರಗಿಟ್ಟಿದ್ದ.

"ಮರಳಿಗೆ ಇಳಿಯೋ ಮೊದಲು ಚಕ್ರದ ಗಾಳಿ ಇಳಿಸಬೇಕು" ಎಂದಳು ಹೆಲ್ಗಾ. "ಇಲ್ಲಿ ಸಣ್ಣ ಮಕ್ಕಳಿಗೂ ಗೊತ್ತಂತೆ."

ಇಬ್ಬರು ಬ್ರೆಜಿಲಿಗರೂ ಇಂಗು ತಿಂದ ಮಂಗನಂತೆ ಕೂತರು.

ಆಮೇಲಿನ ಸಂಗತಿಯನ್ನು ಖಲ್ಫಾನ್ ಕಣ್ಣಾರೆ ಕಂಡದ್ದಲ್ಲ, ಏಕೆಂದರೆ ಕಣ್ಣು ಮುಚ್ಚಿದ್ದ. ಜೀಪು ದಿಬ್ಬದ ತುದಿಗೆ ಹೋಗಿ, ಆಕಾಶ ತೋರಿಸಿ, ಪಕ್ಕಕ್ಕೆ ವಾಲಿ, ಜಾರಿತು. ಅವನ ಹೊಟ್ಟೆ ಮಾತ್ರ ಮೇಲೆಯೇ ಉಳಿಯಿತು. "ಯಾ ಅಲ್ಲಾ!" ಎಂದು ಯಾರೋ ಕಿರುಚಿದರು, ಅದು ತಾನೋ ಪಕ್ಕದವನೋ ಗೊತ್ತಾಗಲಿಲ್ಲ. ಹೆಲ್ಗಾ ಮಾತ್ರ "ಇನ್ನೊಂದು ಸಲ! ಇನ್ನೊಂದು ಸಲ!" ಎಂದು ಚಪ್ಪಾಳೆ ತಟ್ಟುತ್ತಿದ್ದಳು. ಕೈ ಎಲ್ಲಿ, ಕಾಲು ಎಲ್ಲಿ ಎಂದು ನೋಡಲು ಬಂದವನಿಗೆ ತನ್ನ ಕೈಕಾಲು ಎಲ್ಲಿವೆ ಎಂಬುದೇ ತಿಳಿಯದಂತಾಯಿತು. ಮುಂದೆ ಜಾರುಹಲಗೆಯ ಮೇಲೆ ನಿಂತು ಹೊರಟು ಹೊಟ್ಟೆಯ ಮೇಲೆ ಜಾರಿ ದಿಬ್ಬದ ಬುಡ ಮುಟ್ಟಿದ. ಅವನ ಹಿಂದೆಯೇ ಮಫ್ಲರ್ ಮನುಷ್ಯ ಉರುಳುತ್ತ ಬಂದು ಇವನ ಮೇಲೆ ನಿಂತ. ಒಂಟೆ ಎದ್ದು ನಿಲ್ಲುವಾಗ ಇಬ್ಬರೂ ಅದರ ಕುತ್ತಿಗೆಯನ್ನು ತಬ್ಬಿಕೊಂಡಿದ್ದನ್ನು ನೋಡಿ ಗುಲ್‌ಜಮಾನ್, "ಬ್ರೆಜಿಲಿನಲ್ಲಿ ಒಂಟೆ ಇಲ್ಲ ಪಾಪ" ಎಂದು ಎಲ್ಲರಿಗೂ ಸಮಾಧಾನ ಹೇಳಿದ.

ಸೂರ್ಯ ಇಳಿಯುವ ಹೊತ್ತಿಗೆ ಶಿಬಿರ ಮುಟ್ಟಿದರು. ಬಾಗಿಲಲ್ಲೇ ಕೆಂಡದ ಪಕ್ಕ ಚಾಪೆ ಹಾಸಿಕೊಂಡು ಸುವೈದಾನ್ ಎಂಬ ಬಿಳಿಗಡ್ಡದ ಅಜ್ಜ ಕೂತಿದ್ದ. ಬಂದವರಿಗೆ ಕಾಫಿ ಕೊಡಲು, ಪಕ್ಕದಲ್ಲಿ ಕೂರಿಸಿಕೊಂಡು ಫೋಟೋ ತೆಗೆಸಿಕೊಳ್ಳಲು ಶಿಬಿರದವರು ಅವನನ್ನು ಇಟ್ಟುಕೊಂಡಿದ್ದರು. ಅವರಿಗೆ ಅದು ಶೋಕಿ, ಅಜ್ಜನಿಗೆ ಮಾತ್ರ ನಿಜ. ಚಾಪೆಯ ಮೇಲೆ ಕೂತವನು ಅವನ ಅತಿಥಿ. ಬಟ್ಟಲನ್ನು ಅಲ್ಲಾಡಿಸಿ ಸಾಕು ಎನ್ನುವವರೆಗೂ ಕಾಫಿ ಸುರಿಯುವವನು. ಅಲ್ಲಾಡಿಸಬೇಕೆಂದು ತಿಳಿಯದ ಹೆಲ್ಗಾ ಬಗ್ಗಿಸಿದಷ್ಟನ್ನೂ ಕುಡಿಯುತ್ತ, ಕಣ್ಣು ದೊಡ್ಡದು ಮಾಡಿಕೊಂಡು ಕೂತಿದ್ದಳು.

ಖಲ್ಫಾನ್‌ನ ಕೈಗೂ ಪುಟ್ಟ ಬಟ್ಟಲು ಬಂತು. ಏಲಕ್ಕಿಯ ವಾಸನೆ ಮೂಗಿಗೆ ಬಡಿದದ್ದೇ ಹೊಟ್ಟೆ ತೊಳಸಿತು. ಒಂದು ಗುಟುಕು ಒಳಗೆ ಹೋದರೆ ಬೆಳಿಗ್ಗೆಯಿಂದ ತಿಂದದ್ದೆಲ್ಲ ಹೊರಗೆ ಬರುವುದು ಖಂಡಿತ. ಬಟ್ಟಲನ್ನು ಮೊಣಕಾಲ ಮುಂದೆ ನೆಲದ ಮೇಲೆ ಮೆಲ್ಲಗೆ ಇಟ್ಟುಬಿಟ್ಟ. ಪಕ್ಕದಲ್ಲಿ ಟಪ್ ಎಂದು ಇನ್ನೊಂದು ಸದ್ದಾಯಿತು. ಮಫ್ಲರ್ ಮನುಷ್ಯನ ಬಟ್ಟಲೂ ನೆಲಕ್ಕೆ ಬಂದಿತ್ತು.

ಅಜ್ಜನ ಕೈ ಗಾಳಿಯಲ್ಲೇ ನಿಂತಿತು. ಹೂಜಿಯನ್ನು ಕೆಳಗಿಟ್ಟು, ಬೆನ್ನು ನೆಟ್ಟಗೆ ಮಾಡಿ, ಅರಬ್ಬಿಯಲ್ಲಿ ಗಂಭೀರವಾಗಿ ಕೇಳಿದ: "ಕಾಫಿ ಆರ್ತಿದೆ. ಏನು ಬೇಕು ಕೇಳಿ. ಕೊಟ್ಟಾಯ್ತು ಅಂದುಕೊಳ್ಳಿ."

ತಾನು ಮಾಡಿದ್ದೇನು ಎಂದು ಖಲ್ಫಾನ್‌ಗೆ ಹೊಳೆದದ್ದು ಆಗ. ಕುಡಿಯದೆ ಬಟ್ಟಲು ನೆಲಕ್ಕಿಟ್ಟರೆ, ನಿಮ್ಮಲ್ಲಿ ಒಂದು ಕೋರಿಕೆ ಇದೆ, ಅದು ನಡೆಯುವವರೆಗೂ ಕುಡಿಯುವುದಿಲ್ಲ ಎಂದು ಅರ್ಥ. ಹೆಣ್ಣು ಕೇಳುವುದು ಹಾಗೆ, ಜಗಳ ಮುಗಿಸಿ ಎನ್ನುವುದು ಹಾಗೆ. ಇಟ್ಟ ಮೇಲೆ ಏನೂ ಬೇಡ ಅನ್ನುವುದು ಮನೆಯವನ ಮುಖಕ್ಕೆ ಹೊಡೆದ ಹಾಗೆ. ಹುಟ್ಟಿದಾಗಿನಿಂದ ನೋಡಿದ್ದನ್ನು ಹೊಟ್ಟೆಯ ಸಂಕಟದಲ್ಲಿ ತಲೆ ಮರೆತರೂ ಕೈ ಮರೆತಿರಲಿಲ್ಲ.

"ಬಿಡು ಅಜ್ಜ, ಬ್ರೆಜಿಲಿನವರು, ಅವರಿಗೇನು ಗೊತ್ತು" ಎಂದ ಗುಲ್‌ಜಮಾನ್.

"ಯಾವ ಬ್ರೆಜಿಲ್? ಬ್ರೆಜಿಲಿನವನು ತಟ್ಟೆಯಲ್ಲಿಡ್ತಿದ್ದ, ಇಲ್ಲಾ ಮರಳಲ್ಲಿ ನೆಡ್ತಿದ್ದ. ಬಲಗೈಯಲ್ಲಿ, ಮೊಣಕಾಲ ಮುಂದೆ, ಒಂದು ಹನಿ ಚೆಲ್ಲದೆ ಇಡ್ತಾನಾ? ಇವರನ್ನು ಹೆತ್ತ ತಾಯಿ ನಮ್ಮವಳು."

ಹೆಲ್ಗಾ ತೆವಳಿಕೊಂಡು ಹತ್ತಿರ ಬಂದಳು. "ಏನಾಯ್ತು? ಯಾಕೆ ಇಟ್ಟರು? ಈಗ ಏನಾಗತ್ತೆ?"

ಈಗ ಏನೂ ಆಗುತ್ತಿರಲಿಲ್ಲ. ಅದೇ ಪೇಚು. ಕೋರಿಕೆ ಕೇಳದೆ ಅಜ್ಜ ಇನ್ನೊಬ್ಬರಿಗೆ ಕಾಫಿ ಬಗ್ಗಿಸಲಾರ. ಹಿಂದೆ ಬಂದ ಜೀಪುಗಳವರೆಲ್ಲ ಬಾಗಿಲಲ್ಲಿ ಸಾಲುಗಟ್ಟಿ ನಿಂತರು. ಮ್ಯಾನೇಜರ್ ಓಡಿ ಬಂದ. "ಅಜ್ಜ, ಬೆಂಕಿ ಆಟದವರು ಕಾಯ್ತಿದ್ದಾರೆ!"

"ಕಾಯಲಿ. ಬೆಂಕಿ ಎಲ್ಲಿಗೆ ಹೋಗತ್ತೆ?"

"ಕುಡೀರಿ ಸಾರ್, ಕೈ ಮುಗೀತೀನಿ" ಎಂದು ಮ್ಯಾನೇಜರ್ ಖಲ್ಫಾನ್‌ಗೆ ಗೋಗರೆದ. "ಕುಡೀಬೇಡಿ, ಕೇಳಿ! ಏನಾದರೂ ದೊಡ್ಡದು ಕೇಳಿ!" ಎಂದು ಹೆಲ್ಗಾ ಹುರಿದುಂಬಿಸಿದಳು. ಸಾಲಿನಲ್ಲಿದ್ದವರು ಒಂಟೆ ಕೇಳು ಎಂದರು.

ಖಲ್ಫಾನ್ ಅಜ್ಜನ ಮುಖ ನೋಡಿದ. ಎಷ್ಟೋ ವರ್ಷಗಳಿಂದ ಫೋಟೋ ತೆಗೆಸಿಕೊಂಡು ಎದ್ದು ಹೋಗುವವರನ್ನೇ ಕಂಡ ಆ ಮುಖದಲ್ಲಿ, ಕಡೆಗೂ ಅತಿಥಿಯಂಥ ಅತಿಥಿ ಬಂದ ಎಂಬ ಸಂತೋಷ ಇತ್ತು. ಅಲ್ಲಿ ಸುಳ್ಳು ಹೇಳಲು ಅವನಿಗೆ ಮನಸ್ಸು ಬರಲಿಲ್ಲ. ಮುಂದೆ ಬಾಗಿ, ಅರಬ್ಬಿಯಲ್ಲಿ, ಅಜ್ಜನಿಗಷ್ಟೇ ಕೇಳುವಂತೆ ಹೇಳಿದ: "ಅಜ್ಜ, ನನಗೆ ಮರಳಲ್ಲಿ ಗಾಡಿ ಓಡಿಸೋಕೆ ಬರಲ್ಲ. ಬರತ್ತೆ ಅಂತ ಬೀಗರ ಮುಂದೆ ಕೊಚ್ಚಿಕೊಂಡೆ. ನಾಳೆ ಓಡಿಸದಿದ್ದರೆ ಮಗಳ ಸಂಬಂಧ ಮುರಿಯತ್ತೆ. ನನ್ನ ಮೈತಾನ ಮುಖ ನೋಡೋಕಾಗಲ್ಲ. ಹೇಗಾದರೂ ನಾಳೆ ಒಂದು ದಿನ ದಾಟಿಸು."

ಪಕ್ಕದಲ್ಲಿ ಯಾರೋ ಗಂಟಲಿಗೆ ಖರ್ಜೂರ ಸಿಕ್ಕಿಕೊಂಡಂತೆ ಕೆಮ್ಮಿದರು. ಮಫ್ಲರ್ ಕಳಚಿ ಬಿತ್ತು.

"ಮೈತಾನ ಅಪ್ಪ?" ಎಂದ ಉಬೈದ್.

"ಥಾನಿಯ ಅಪ್ಪ!" ಎಂದ ಖಲ್ಫಾನ್. "ನೀವು... ಬ್ರೆಜಿಲ್?"

"ನೀವು ಹೇಳಿದಿರಲ್ಲ, ನಮ್ಮ ಊರಲ್ಲಿ ಮಳೆ ಅಂತ!"

ಒಬ್ಬರ ಹೂವಿನ ಅಂಗಿಯನ್ನು ಇನ್ನೊಬ್ಬರು ಮೇಲಿಂದ ಕೆಳಗೆ ನೋಡಿದರು. ನಗಬೇಕೋ ಓಡಬೇಕೋ ಇಬ್ಬರಿಗೂ ತೋಚಲಿಲ್ಲ.

"ನಿನ್ನದೇನು ಕೋರಿಕೆ?" ಎಂದ ಅಜ್ಜ.

"ಇವರದೇ ನನ್ನದೂ" ಎಂದು ಉಬೈದ್ ತಲೆ ತಗ್ಗಿಸಿದ. "ಮನೆಯಲ್ಲಿ ಮಗ ಮುಖ ಊದಿಸಿಕೊಂಡು ಕೂತಿದ್ದಾನೆ. ಅಪ್ಪ, ನಿನ್ನ ಬಾಯಿಂದ ನನ್ನ ಮದುವೆ ಕೆಟ್ಟಿತು ಅಂತಾನೆ."

ಅಜ್ಜ ಗಡ್ಡ ನೀವಿಕೊಂಡ. "ಕೊಟ್ಟಾಯ್ತು ಅಂದುಬಿಟ್ಟೆ. ಒಂದು ಸಂಜೆಯಲ್ಲಿ ನಿಮ್ಮಂಥವರಿಗೆ ಓಡಿಸೋದು ಕಲಿಸೋಕೆ ನನ್ನ ಕೈಲಿ ಆಗಲ್ಲ. ಓಡಿಸದೇ ಇರೋದು ಕಲಿಸ್ತೀನಿ. ಗಾಡಿ ಇಳಿ. ಒಂದು ಚಿಟಿಕೆ ಮರಳು ತಗೋ. ಮೂಸು. ಅವಸರ ಬೇಡ. ಬೀಳಬಿಡು. ಗಾಳಿ ಬರೋ ಕಡೆ ನೋಡು. ಆಮೇಲೆ ಹೇಳು, ಇವತ್ತು ಆಗಲ್ಲ. ಮಾತು ಅಷ್ಟೇ, ಕಾರಣ ಹೇಳೋಕೆ ಹೋಗಬೇಡ. ಮರುಭೂಮೀಲಿ ದೊಡ್ಡ ಮನುಷ್ಯ ಅನ್ನಿಸ್ಕೊಂಡೋರಲ್ಲಿ ಅರ್ಧ ಜನ ಇಷ್ಟರಲ್ಲೇ ಕಾಲ ಹಾಕಿದ್ದಾರೆ. ಈಗ ಕುಡೀರಿ."

ಕುಡಿದರು. ಹೊಟ್ಟೆ ಸುಮ್ಮನೆ ಒಪ್ಪಿಕೊಂಡಿತು. ಬಾಗಿಲಲ್ಲಿ ನಿಂತವರೆಲ್ಲ ಚಪ್ಪಾಳೆ ತಟ್ಟಿದರು. ಬ್ರೆಜಿಲಿನಲ್ಲೂ ಇದೇ ಪದ್ಧತಿ ಇದೆ ಎಂದು ಹೆಲ್ಗಾ ತನ್ನ ಗಂಡನಿಗೆ ವಿವರಿಸುತ್ತಿದ್ದಳು.

ಶುಕ್ರವಾರ ನಮಾಜು ಮುಗಿದ ಮೇಲೆ ಎರಡು ಬಿಳಿ ಗಾಡಿಗಳು ಟಾರು ಮುಗಿಯುವಲ್ಲಿ ಬಂದು ನಿಂತವು. ಒಂದರಲ್ಲಿ ಅಫ್ರಾ ಮತ್ತು ಮೈತಾ, ಇನ್ನೊಂದರಲ್ಲಿ ಉಬೈದನ ಹೆಂಡತಿ ಶಮ್ಸಾ ಮತ್ತು ಥಾನಿ. ಹುಡುಗ ಹುಡುಗಿ ಇಬ್ಬರ ಮುಖದಲ್ಲೂ ರಕ್ತವಿರಲಿಲ್ಲ. ಅಪ್ಪಂದಿರು ಇಳಿದರು. ಇಬ್ಬರೂ ಬಾಗಿದರು, ಚಿಟಿಕೆ ಮರಳು ಎತ್ತಿದರು, ಮೂಸಿದರು. ಅವಸರ ಮಾಡಲಿಲ್ಲ. ಕೈ ಮೇಲೆತ್ತಿ ಬೀಳಬಿಟ್ಟರು. ಗಾಳಿ ಬರುವ ಕಡೆ ನೋಡಿದರು.

"ಇವತ್ತು ಆಗಲ್ಲ" ಎಂದ ಖಲ್ಫಾನ್.

"ನಾನೂ ಅದನ್ನೇ ಹೇಳೋಣ ಅಂತಿದ್ದೆ" ಎಂದ ಉಬೈದ್.

"ಇಂಥ ಮರಳಿಗೆ ಗೊತ್ತಿರುವವರು ಇಳಿಯಲ್ಲ."

"ಹುಡುಗಾಟವೇ? ಹೆಂಗಸರು ಮಕ್ಕಳು ಬೇರೆ ಇದ್ದಾರೆ."

ಥಾನಿ ಬಿಟ್ಟ ಉಸಿರು ಮೈತಾಳ ಗಾಡಿಯವರೆಗೂ ಕೇಳಿಸಿತು. ಅಲ್ಲೇ ರಸ್ತೆಯ ಬದಿಗೆ ಚಾಪೆ ಹಾಸಿದರು. ಉಬೈದ್ ಕಾಫಿಯ ಬಟ್ಟಲನ್ನು ಖಲ್ಫಾನ್‌ನ ಮುಂದೆ ನೆಲಕ್ಕಿಟ್ಟು ಮಗನಿಗೆ ಮೈತಾಳನ್ನು ಕೇಳಿದ. ಖಲ್ಫಾನ್ ಮಗಳ ಕಡೆ ಒಮ್ಮೆ ನೋಡಿ, "ಕೊಟ್ಟಾಯ್ತು, ಕುಡೀರಿ" ಎಂದ. ಮೈತಾ ಅಪ್ಪನ ಭುಜಕ್ಕೆ ಮುಖ ಒರಗಿಸಿ, "ನೀವು ನಿಜವಾಗ್ಲೂ ಮರಳು ಬಲ್ಲವರು ಅಪ್ಪಾ, ನಾನೇ ಸುಮ್ಮನೆ ಹೆದರಿದ್ದೆ" ಎಂದಳು. ಆ ಮಾತು ಕೇಳಿ ಅವನಿಗೆ ತಾತನ ಬಟ್ಟೆ ಅಂಗಡಿಯೇ ಮರೆತುಹೋಯಿತು.

ಆಗ ಟಪ್ ಎಂದಿತು. ಅಫ್ರಾ ತನ್ನ ಬಟ್ಟಲನ್ನು ಗಂಡನ ಮುಂದೆ ನೆಲಕ್ಕಿಟ್ಟಿದ್ದಳು. ಅದರ ಹಿಂದೆಯೇ ಶಮ್ಸಾಳ ಬಟ್ಟಲು ಉಬೈದನ ಮುಂದೆ ಬಂತು.

"ಇದೇನು ಹೊಸದು?" ಎಂದ ಖಲ್ಫಾನ್.

"ಮೊದಲು ಕೊಟ್ಟಾಯ್ತು ಅನ್ನಿ, ಮೈತಾನ ಅಪ್ಪ."

ಬೀಗರ ಮುಂದೆ ಇನ್ನೇನು ಹೇಳುವುದು? "ಕೊಟ್ಟಾಯ್ತು" ಎಂದ. ಉಬೈದನೂ ಅಂದ.

ಅಫ್ರಾ ಕೈ ಚಾಚಿ ಗಂಡನ ಕಂದೂರಾದ ತೋಳನ್ನು ಮೆಲ್ಲಗೆ ಮೊಣಕೈವರೆಗೆ ಸರಿಸಿದಳು. ಮರಳು ಬೀಳಬಿಡಲು ಕೈ ಎತ್ತಿದಾಗ ಇಬ್ಬರ ತೋಳಿನಿಂದಲೂ ಇಣುಕಿದ್ದು ಅಲ್ಲೇ ಇತ್ತು. ಹಲ್ಲಿನಿಂದ ಕಚ್ಚಿದರೂ ಬಿಚ್ಚದ, ಕೇಳಿದರೆ ಏಕೆಂದು ಹೇಳಬೇಕಾದೀತೆಂದು ಹೆಂಡತಿಯ ಕತ್ತರಿ ಕೇಳಲಾಗದ, ಕಿತ್ತಳೆ ಬಣ್ಣದ ಪಟ್ಟಿ. ಶಮ್ಸಾ ಹಿಡಿದೆತ್ತಿದ ಕೈಯಲ್ಲೂ ಅದೇ ಬಣ್ಣ, ಅದೇ ಸಫಾರಿಯ ಹೆಸರು, ಅದೇ ದೇಶ.

"ನೋಡಿ ಶಮ್ಸಾ, ನಿಮ್ಮವರೂ ಇದೇ ಊರಿಗೆ ಹೋಗಿದ್ದರು" ಎಂದಳು ಅಫ್ರಾ. ಆಮೇಲೆ ಗಂಡನ ಕಡೆ ತಿರುಗಿದಳು. "ಮುಂದಿನ ಗುರುವಾರ ನಮ್ಮನ್ನೂ ಬ್ರೆಜಿಲ್‌ಗೆ ಕರ್ಕೊಂಡು ಹೋಗಿ. ಮುಂದಿನ ಸೀಟು ನಂದು."